ದೊಡ್ಡ ಕವಿ, ಕೆಟ್ಟ ರಾಜಕೀಯ: ಎಳೆಯ ಓದುಗರ ಕೈಗೆ ಕೊಡುವುದು ಹೇಗೆ?

"ಇಂಥ ಕವಿಯನ್ನು ಮಕ್ಕಳಿಗೆ ಓದಿಸಬಹುದಾ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಮೇಷ್ಟ್ರುಗಳಿದ್ದಾರೆ, ಅಪ್ಪ ಅಮ್ಮಂದಿರಿದ್ದಾರೆ, ತಂಗಿಗೋ ತಮ್ಮನಿಗೋ ಪುಸ್ತಕ ಕೊಡಬೇಕೆಂದಿರುವ ಅಣ್ಣ ಅಕ್ಕಂದಿರಿದ್ದಾರೆ. ಕವಿಯ ಹೆಸರು ಮಾತ್ರ ಬದಲಾಗುತ್ತದೆ. ಒಮ್ಮೆ ಅಮೆರಿಕದ ಎಜ್ರಾ ಪೌಂಡ್, ಒಮ್ಮೆ ಇಂಗ್ಲೆಂಡಿನ ಕಿಪ್ಲಿಂಗ್, ಒಮ್ಮೆ ಚಿಲಿ ದೇಶದ ನೆರೂಡ. ಕವಿತೆ ಮನಸ್ಸಿನಲ್ಲಿ ಕೂತಿದೆ. ಬರೆದವನ ರಾಜಕೀಯ ನೆನಪಾದರೆ ಕೊಡಲು ಕೈ ಬರುವುದಿಲ್ಲ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಸಲ ಕೊಡಬಹುದು. ಆದರೆ ನಿಮಗೆ ಗೊತ್ತಿರುವುದನ್ನು ಬಚ್ಚಿಟ್ಟು ಕೊಡಬಾರದು. ಎಳೆಯ ಓದುಗರಿಗೆ ಕೆಟ್ಟ ಕವಿಯಿಂದ ಆಗುವ ಪೆಟ್ಟಿಗಿಂತ, ನಂಬಿದ ಹಿರಿಯರು ಸುಮ್ಮನಿದ್ದರು ಅನ್ನುವುದರಿಂದ ಆಗುವ ಪೆಟ್ಟು ಜಾಸ್ತಿ. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಇಲ್ಲಿ 'ರಾಜಕೀಯ' ಅಂದರೆ ಯಾವ ಪಕ್ಷಕ್ಕೆ ಮತ ಹಾಕಿದ ಅನ್ನುವುದಲ್ಲ. ಒಂದು ಇಡೀ ಜನಾಂಗವನ್ನು ಕೀಳು ಅಂದವರು, ಸರ್ವಾಧಿಕಾರಿಯನ್ನು ಹಾಡಿ ಹೊಗಳಿದವರು, ಇನ್ನೊಂದು ದೇಶವನ್ನು ಆಳುವುದು ತಮ್ಮ ಹಕ್ಕು ಅಂದವರು, ಇವರ ವಿಷಯ ಮಾತಾಡುತ್ತಿದ್ದೇನೆ.

ಏನೇನು ಬೇಕು

ಮೊದಲು ಕವಿತೆಗಳು. ಐದಾರು ಸಾಕು, ಆದರೆ ನೀವು ಇತ್ತೀಚೆಗೆ ಓದಿರಬೇಕು. ಇಪ್ಪತ್ತು ವರ್ಷದ ಹಿಂದೆ ಇಷ್ಟಪಟ್ಟ ನೆನಪನ್ನು ನಂಬಬೇಡಿ. ಆಗ ಕಣ್ಣಿಗೆ ಬೀಳದ ಸಾಲು ಈಗ ಬೀಳುತ್ತದೆ.

ಆಮೇಲೆ ಟಿಪ್ಪಣಿ ಇರುವ ಆವೃತ್ತಿ. ಯಾವ ಕವಿತೆ ಯಾವ ವರ್ಷದ್ದು, ಒಳಗೆ ಬರುವ ಹೆಸರು ಯಾರದ್ದು ಎಂದು ವಿವರಿಸಿರುವ ಪುಸ್ತಕ ಅದು. ಸಿಗದಿದ್ದರೆ ಒಂದು ಒಳ್ಳೆಯ ಜೀವನಚರಿತ್ರೆಯೂ ಆದೀತು. ಜೊತೆಗೆ, ಆ ಕವಿಯ ರಾಜಕೀಯದಿಂದ ಪೆಟ್ಟು ತಿಂದ ಜನರ ಕಡೆಯ ಒಂದಾದರೂ ಬರಹ. ಕೊನೆಗೆ, ಯಾರೂ ಎದ್ದು ಹೋಗಬೇಕಾಗಿಲ್ಲದ ಒಂದು ಗಂಟೆ ಬಿಡುವು. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪುಸ್ತಕ ಕೈಗಿಟ್ಟು ಹೊರಟುಹೋದರೆ ಈ ಕೆಲಸ ಆಗುವುದಿಲ್ಲ.

ಹಂತ 1: ಕವಿ ನಿಜಕ್ಕೂ ದೊಡ್ಡವನಾ?

ಇದು ಬೇಗ ಮುಗಿಯುವ ಹಂತ. ಇಷ್ಟೆಲ್ಲ ಕಷ್ಟ ಪಡುವುದು ಆ ಕವಿತೆ ಬೇರೆಲ್ಲೂ ಸಿಗದ್ದನ್ನು ಕೊಡುತ್ತದೆ ಅನ್ನುವ ಕಾರಣಕ್ಕೆ. ಹಾಗಿಲ್ಲದಿದ್ದರೆ ಬಿಟ್ಟುಬಿಡಿ. ಬೋಸ್ನಿಯಾದ ಸರ್ಬ್ ನಾಯಕ ರಾದೊವಾನ್ ಕರಾಜಿಚ್ ಕೂಡ ಕವಿಯೇ, ಮಕ್ಕಳಿಗಾಗಿಯೂ ಕವಿತೆ ಬರೆದವನು. 2016ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅವನನ್ನು ಸ್ರೆಬ್ರೆನಿಚಾದ ನರಮೇಧದ ಅಪರಾಧಿ ಎಂದು ತೀರ್ಪು ಕೊಟ್ಟಿತು. ಅವನ ಕವಿತೆ ಓದದೆ ಹೋದರೆ ಯಾವ ಮಗುವೂ ಏನನ್ನೂ ಕಳೆದುಕೊಳ್ಳುವುದಿಲ್ಲ.

ಹಂತ 2: ಏನು ಮಾಡಿದ ಎಂದು ನಿಖರವಾಗಿ ತಿಳಿದುಕೊಳ್ಳಿ

"ಅವನು ಫ್ಯಾಸಿಸ್ಟ್ ಅಂತೆ" ಅನ್ನುವುದು ಮಾಹಿತಿ ಅಲ್ಲ. ಫ್ಯಾಸಿಸಂ ಅಂದರೆ ಒಬ್ಬ ನಾಯಕ, ಒಂದು ಪಕ್ಷ, ಒಂದು ರಾಷ್ಟ್ರ ಎಂದು ಹೇಳಿ ಉಳಿದವರ ಬಾಯಿ ಮುಚ್ಚಿಸುವ ಆಳ್ವಿಕೆ. ಅದರಲ್ಲಿ ಕವಿಯ ಪಾಲು ಎಷ್ಟಿತ್ತು ಅನ್ನುವುದು ನಿಮಗೆ ತಿಳಿದಿರಬೇಕು. ಕೇಳಿಕೊಳ್ಳಬೇಕಾದದ್ದು ಇಷ್ಟು: ಬರೀ ಹೇಳಿದನೋ, ಮಾಡಿದನೋ? ಯಾವಾಗ? ಇಷ್ಟಪಟ್ಟು ಮಾಡಿದನೋ, ಹೆದರಿಕೆಯಿಂದಲೋ? ಅದರಿಂದ ಯಾರಿಗೆ ಏನಾಯಿತು? ಆಮೇಲೆ ಏನಂದ?

ಪೌಂಡ್ ವಿಷಯದಲ್ಲಿ ಈ ಉತ್ತರಗಳು ಹೀಗಿವೆ. ಅವನು ಅಮೆರಿಕದವನು, 1885ರಲ್ಲಿ ಹುಟ್ಟಿದವನು. ಇಟಲಿಯಲ್ಲಿ ನೆಲೆಸಿ ಅಲ್ಲಿನ ಫ್ಯಾಸಿಸ್ಟ್ ಸರ್ವಾಧಿಕಾರಿ ಮುಸೊಲಿನಿಯನ್ನು ಮೆಚ್ಚಿಕೊಂಡ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1941ರಿಂದ, ರೋಮ್ ರೇಡಿಯೋದಲ್ಲಿ ಅಮೆರಿಕದ ಸರ್ಕಾರದ ವಿರುದ್ಧವೂ ಯಹೂದಿಗಳ ವಿರುದ್ಧವೂ ಮಾತಾಡಿದ. ಯೂರೋಪಿನ ಯಹೂದಿಗಳನ್ನು ಕೊಲ್ಲುತ್ತಿದ್ದ ವರ್ಷಗಳೇ ಅವು. 1943ರಲ್ಲಿ ಅಮೆರಿಕ ಅವನ ಮೇಲೆ ದೇಶದ್ರೋಹದ ಆರೋಪ ಹೊರಿಸಿತು. 1945ರಲ್ಲಿ ಸೆರೆಯಾದ. ಪೀಸಾ ಬಳಿಯ ಸೇನಾ ಶಿಬಿರದಲ್ಲಿ ಮೊದಲು ಕಬ್ಬಿಣದ ಪಂಜರದಲ್ಲಿ ಇಟ್ಟಿದ್ದರು. ವಿಚಾರಣೆ ಎದುರಿಸುವ ಮಾನಸಿಕ ಸ್ಥಿತಿಯಲ್ಲಿಲ್ಲ ಎಂದು ತೀರ್ಮಾನವಾಗಿ 1958ರವರೆಗೆ ವಾಷಿಂಗ್ಟನ್‌ನ ಆಸ್ಪತ್ರೆಯಲ್ಲಿದ್ದ. ಬಿಡುಗಡೆಯಾಗಿ ಇಟಲಿಗೆ ಹೋದಾಗ ಫ್ಯಾಸಿಸ್ಟ್ ಸೆಲ್ಯೂಟ್ ಹೊಡೆದ. 1967ರಲ್ಲಿ, ಮುದುಕನಾದ ಮೇಲೆ, ತನ್ನನ್ನು ನೋಡಲು ಬಂದ ಯಹೂದಿ ಕವಿ ಅಲೆನ್ ಗಿನ್ಸ್‌ಬರ್ಗ್ ಹತ್ತಿರ ಯಹೂದಿ ದ್ವೇಷವೇ ತನ್ನ ಅತಿ ದೊಡ್ಡ ತಪ್ಪು ಎಂದು ಒಪ್ಪಿಕೊಂಡ. ಇಷ್ಟು ಗೊತ್ತಿದ್ದರೆ ನೀವು ಅವನನ್ನು ರಾಕ್ಷಸ ಮಾಡುವುದೂ ಇಲ್ಲ, ತೊಳೆದು ಬಿಳಿ ಮಾಡುವುದೂ ಇಲ್ಲ.

ಹೆದರಿಕೆಯ ಪ್ರಶ್ನೆಯನ್ನು ಮರೆಯಬೇಡಿ. ಸೋವಿಯತ್ ಸರ್ವಾಧಿಕಾರಿ ಸ್ಟಾಲಿನ್‌ನನ್ನು ಹೊಗಳಿ ನೆರೂಡ ಬರೆದ, ರಷ್ಯಾದ ಕವಿ ಮಾಂಡೆಲ್‌ಸ್ಟಾಮ್ ಬರೆದ, ಅಲ್ಲಿನ ಕವಯಿತ್ರಿ ಅಖ್ಮಾತೋವಾ ಕೂಡ ಬರೆದಳು. ಮೂರೂ ಒಂದೇ ಅಲ್ಲ. ಮಾಂಡೆಲ್‌ಸ್ಟಾಮ್ ಮೊದಲು, 1933ರಲ್ಲಿ, ಸ್ಟಾಲಿನ್‌ನನ್ನು ಟೀಕಿಸಿ ಬರೆದು ಸೆರೆಯಾದವನು. 1937ರಲ್ಲಿ ಹೊಗಳಿ ಬರೆದದ್ದು ಜೀವ ಉಳಿಸಿಕೊಳ್ಳಲು. ಉಳಿಯಲಿಲ್ಲ, 1938ರಲ್ಲಿ ಬಂದಿ ಶಿಬಿರದಲ್ಲಿ ಸತ್ತ. ಅಖ್ಮಾತೋವಾ ಬರೆದದ್ದು ಜೈಲಿನಲ್ಲಿದ್ದ ಮಗನಿಗಾಗಿ. ನೆರೂಡನ ಕುತ್ತಿಗೆಯ ಮೇಲೆ ಯಾರೂ ಕತ್ತಿ ಇಟ್ಟಿರಲಿಲ್ಲ. 1953ರಲ್ಲಿ ಸ್ಟಾಲಿನ್ ಸತ್ತಾಗ ಅವನು ಇಷ್ಟಪಟ್ಟೇ ಶೋಕಗೀತೆ ಬರೆದ.

ಇಲ್ಲಿ ಹಲವರು ಎಡವುತ್ತಾರೆ. ಎದುರಿನ ಪಾಳೆಯದ ಕವಿಯ ಪಾಪವನ್ನು ಲೆಕ್ಕ ಇಟ್ಟು ಎಣಿಸುತ್ತಾರೆ, ತಮ್ಮ ಕಡೆಯವನಿಗೆ "ಕಾಲವೇ ಹಾಗಿತ್ತು" ಅನ್ನುತ್ತಾರೆ. ಮುಸೊಲಿನಿಯನ್ನು ಹೊಗಳಿದವನಿಗೆ ಒಂದು ತಕ್ಕಡಿ, ಸ್ಟಾಲಿನ್‌ನನ್ನು ಹೊಗಳಿದವನಿಗೆ ಇನ್ನೊಂದು ಇರಬಾರದು ಅಲ್ವಾ? ಮಕ್ಕಳು ಇದನ್ನು ಬೇಗ ಕಂಡುಹಿಡಿಯುತ್ತಾರೆ.

ಇನ್ನೊಂದು ಎಚ್ಚರಿಕೆ: ರಾಜಕೀಯವನ್ನೂ ನಡತೆಯನ್ನೂ ಕಲಸಬೇಡಿ. ನೆರೂಡ ಯುವಕನಾಗಿ ಕೊಲಂಬೊದಲ್ಲಿ ಕೆಲಸದಲ್ಲಿದ್ದಾಗ, ತನ್ನ ಮನೆಯ ಕಕ್ಕಸು ಶುಚಿ ಮಾಡಲು ಬರುತ್ತಿದ್ದ ತಮಿಳು ಹೆಂಗಸಿನ ಮೇಲೆ ಬಲಾತ್ಕಾರ ಮಾಡಿದ್ದನ್ನು ತಾನೇ ಬರೆದಿಟ್ಟಿದ್ದಾನೆ. ಅವನು ಸತ್ತ ಮರುವರ್ಷ, 1974ರಲ್ಲಿ, ಬಂದ ಆತ್ಮಕಥೆಯಲ್ಲಿ ಅದಿದೆ. ಇದು ಅಭಿಪ್ರಾಯದ ವಿಷಯ ಅಲ್ಲ, ಒಬ್ಬ ಮನುಷ್ಯಳಿಗೆ ಮಾಡಿದ ಅಪರಾಧ. ಅದನ್ನು 'ವಿವಾದಿತ ರಾಜಕೀಯ' ಎಂಬ ಚೀಲಕ್ಕೆ ತುಂಬಿ ಕಟ್ಟಬಾರದು. ಅವನ ಪ್ರೇಮಕವಿತೆಗಳನ್ನು ಹದಿನೇಳರ ಹುಡುಗಿಗೆ ಕೊಡುವವರು ಇದನ್ನು ತಿಳಿದಿರಲೇಬೇಕು.

ಹಂತ 3: ವಿಷ ಎಲ್ಲಿದೆ ನೋಡಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಇದೇ. ಕವಿಯ ರಾಜಕೀಯ ಮೂರು ಜಾಗದಲ್ಲಿ ಇರಬಹುದು: ಕವಿತೆಯ ಹೊರಗೆ, ಕವಿತೆಯ ಅಡಿಯಲ್ಲಿ, ಕವಿತೆಯ ಒಳಗೆ.

ಹೊರಗೆ ಇರುವುದಕ್ಕೆ ಇಂಗ್ಲೆಂಡಿನ ಫಿಲಿಪ್ ಲಾರ್ಕಿನ್ ಒಳ್ಳೆಯ ಉದಾಹರಣೆ. ಅವನು ಸತ್ತದ್ದು 1985ರಲ್ಲಿ. 1992ರಲ್ಲಿ ಅವನ ಪತ್ರಗಳು ಅಚ್ಚಾದಾಗ, ಅವುಗಳಲ್ಲಿದ್ದ ಜನಾಂಗ ದ್ವೇಷದ ಮಾತು ಓದಿ ಜನ ಬೆಚ್ಚಿಬಿದ್ದರು. ಆದರೆ ಮುಪ್ಪು, ಸಾವು, ಖಾಲಿ ಚರ್ಚು, ರೈಲಿನ ಕಿಟಕಿ ಇವುಗಳ ಬಗ್ಗೆ ಅವನು ಬರೆದ ಹೆಸರಾಂತ ಕವಿತೆಗಳಲ್ಲಿ ಆ ದ್ವೇಷ ಇಲ್ಲ. ಇಂಥ ಕವಿಯನ್ನು ಕೊಡುವುದು ಉಳಿದವರಿಗಿಂತ ಸುಲಭ.

ಅಡಿಯಲ್ಲಿ ಇರುವುದು ಕಣ್ಣಿಗೆ ಕಾಣುವುದಿಲ್ಲ. ಕಿಪ್ಲಿಂಗ್‌ನ 'ಇಫ್' ನೋಡಿ. ಎಲ್ಲರೂ ತಲೆ ಕಳೆದುಕೊಂಡಾಗ ನೀನು ತಾಳ್ಮೆ ಇಟ್ಟುಕೊಂಡರೆ ಎಂದು ಶುರುವಾಗುವ, ಶಾಲೆಯ ಗೋಡೆಗಳ ಮೇಲೆಲ್ಲ ಕಾಣುವ ಕವಿತೆ. ಓದಿದರೆ ಅದರಲ್ಲಿ ರಾಜಕೀಯದ ಸುಳಿವೂ ಇಲ್ಲ. ಆದರೆ ಅದು ಲಿಯಾಂಡರ್ ಜೇಮ್ಸನ್ ಎಂಬ ಬ್ರಿಟಿಷ್ ವಸಾಹತು ಅಧಿಕಾರಿಯ ಸ್ವಭಾವದಿಂದ ಹುಟ್ಟಿದ್ದು ಎಂದು ಕಿಪ್ಲಿಂಗ್ ತಾನೇ ಬರೆದಿದ್ದಾನೆ. ಈ ಜೇಮ್ಸನ್ 1895ರ ಕೊನೆಯಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಮೇಲೆ ದಾಳಿ ಮಾಡಿ ಸೋತು ಸೆರೆಯಾದವನು. ಇದು ತಿಳಿದ ಮೇಲೆ ಕವಿತೆ ಕೆಟ್ಟುಹೋಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಆದರೆ "ಗಂಡಸು ಅಂದರೆ ಹೀಗಿರಬೇಕು" ಎಂದು ಹೇಳುತ್ತಿರುವ ದನಿ ಎಲ್ಲಿ ನಿಂತು ಮಾತಾಡುತ್ತಿದೆ ಎಂದು ಗೊತ್ತಾಗುತ್ತದೆ.

ಪೌಂಡ್‌ನಲ್ಲೂ ಇಂಥದ್ದಿದೆ. ಅವನ ದೀರ್ಘ ಕಾವ್ಯ 'ಕ್ಯಾಂಟೋಸ್'ನ 45ನೇ ಭಾಗ ಬಡ್ಡಿ ವ್ಯಾಪಾರದ ಮೇಲಿನ ಸಿಟ್ಟು. ಬಡ್ಡಿ ಬಂದಲ್ಲಿ ಯಾರಿಗೂ ಒಳ್ಳೆಯ ಕಲ್ಲಿನ ಮನೆ ಇಲ್ಲ ಎಂದು ಶುರುವಾಗುತ್ತದೆ. ಅದೊಂದನ್ನೇ ಓದಿದರೆ ಬಡವರ ಪರವಾದ ನ್ಯಾಯದ ಸಿಟ್ಟು ಅನ್ನಿಸುತ್ತದೆ. ಅವನ ರೇಡಿಯೋ ಭಾಷಣ ಪಕ್ಕದಲ್ಲಿಟ್ಟರೆ ಆ ಸಿಟ್ಟಿನ ಬೆರಳು ಯಾರ ಕಡೆ ತಿರುಗಿತ್ತು ಎಂದು ಕಾಣುತ್ತದೆ. ಟಿಪ್ಪಣಿ ಇರುವ ಪುಸ್ತಕ ಬೇಕು ಎಂದದ್ದು ಇದಕ್ಕೇ.

ಒಳಗೆ ಇರುವುದನ್ನು ಹುಡುಕಬೇಕಾಗಿಲ್ಲ. ಕಿಪ್ಲಿಂಗ್ 1899ರಲ್ಲಿ ಬರೆದ 'ಬಿಳಿಯನ ಹೊರೆ' ಎಂಬ ಅರ್ಥದ ಹೆಸರಿನ ಕವಿತೆ, ಫಿಲಿಪ್ಪೀನ್ಸ್ ದೇಶವನ್ನು ಆಳುವ ಹೊಣೆ ಹೊತ್ತುಕೊಳ್ಳಿ ಎಂದು ಅಮೆರಿಕದವರಿಗೆ ಹೇಳುತ್ತದೆ. ಅಲ್ಲಿನ ಜನರನ್ನು ಅರ್ಧ ದೆವ್ವ, ಅರ್ಧ ಮಗು ಎಂದು ಕರೆಯುತ್ತದೆ. ಇಂಗ್ಲಿಷ್ ಕವಿ ಟಿ. ಎಸ್. ಎಲಿಯಟ್‌ನ 1920ರ ಸಂಕಲನದ ಕೆಲವು ಕವಿತೆಗಳಲ್ಲಿ ಯಹೂದಿಗಳ ಹೀನ ಚಿತ್ರಣವಿದೆ. ಇವುಗಳಲ್ಲಿ ಕಲೆಯನ್ನು ಒಂದು ಕಡೆ, ದ್ವೇಷವನ್ನು ಇನ್ನೊಂದು ಕಡೆ ಎತ್ತಿಡಲು ಆಗುವುದಿಲ್ಲ. ಎಲಿಯಟ್‌ನ ಆ ಸಾಲುಗಳು ಚೆನ್ನಾಗಿ ಕೂತಿರುವುದೇ ಅವುಗಳ ಅಪಾಯ.

ಇಲ್ಲಿ ಒಂದು ವಾದ ಬರುತ್ತದೆ: "ಕವಿತೆಯಲ್ಲಿ ಮಾತಾಡುವುದು ಕವಿಯಲ್ಲ, ಪಾತ್ರ." ವಿಮರ್ಶೆಯಲ್ಲಿ ಇದಕ್ಕೆ ನಿರೂಪಕ ಅನ್ನುತ್ತಾರೆ. ಕವಿತೆಯೊಳಗೆ 'ನಾನು' ಎನ್ನುವವನು ಬರೆದವನೇ ಆಗಿರಬೇಕಿಲ್ಲ ಅನ್ನುವ ತಿಳುವಳಿಕೆ. ವಾದದಲ್ಲಿ ಹುರುಳಿದೆ, ಆದರೆ ಅದು ಎಲ್ಲ ಬೀಗಕ್ಕೂ ಬೀಳುವ ಕೀಲಿಕೈ ಅಲ್ಲ. ನಾನು ಹೀಗೆ ನೋಡುತ್ತೇನೆ: ಆ ಪಾತ್ರ ಹೇಳುತ್ತಿರುವುದು ತಪ್ಪು ಎಂದು ಓದುಗನಿಗೆ ತೋರಿಸುವ ಒಂದು ಬಿರುಕಾದರೂ ಕವಿತೆಯಲ್ಲಿ ಇದೆಯಾ? ಇದ್ದರೆ ಅದು ಪಾತ್ರದ ಮಾತು. ಇಲ್ಲದಿದ್ದರೆ ಕವಿತೆ ಅವನ ಜೊತೆಗೇ ನಿಂತಿದೆ.

ಹಂತ 4: ಎದುರಿಗಿರುವ ಓದುಗ ಯಾರು?

ಹನ್ನೆರಡರೊಳಗಿನ ಮಕ್ಕಳಿಗೆ 'ಹೊರಗೆ' ಗುಂಪಿನ ಕವಿತೆಗಳನ್ನು ಮಾತ್ರ ಕೊಡಿ. ಎಲಿಯಟ್ 1939ರಲ್ಲಿ ಬೆಕ್ಕುಗಳ ಮೇಲೆ ಬರೆದ ಪದ್ಯಗಳನ್ನು ಓದಿ ನಗುವ ಮಗುವಿಗೆ ಅವನ 1920ರ ಕವಿತೆಗಳ ಕಥೆ ಬೇಡ. ಕೇಳಿದರೆ ಮಾತ್ರ ನಿಜ ಹೇಳಿ. ಹದಿಮೂರರಿಂದ ಹದಿನೈದರವರಿಗೆ ಎರಡು ಮೂರು ವಾಕ್ಯ ಸಾಕು. ಹದಿನಾರು ದಾಟಿದವರಿಗೆ ಎಲ್ಲ ಹೇಳಬಹುದು, 'ಒಳಗೆ' ಗುಂಪಿನ ಕವಿತೆಯನ್ನೂ ತೆರೆದು ಓದಬಹುದು. ವಯಸ್ಸು ಬರೀ ಅಂದಾಜು. ನಿಮ್ಮ ಎದುರಿಗಿರುವ ಮಗುವನ್ನು ನೀವೇ ಚೆನ್ನಾಗಿ ಬಲ್ಲಿರಿ.

ವಯಸ್ಸಿಗಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಈ ಕವಿಯ ದ್ವೇಷ ಈ ಓದುಗನ ಕಡೆಗೇ ತಿರುಗಿದೆಯಾ? ಹಾಗಿದ್ದರೆ ಅದು ಅವನಿಗೆ ಇತಿಹಾಸದ ಪಾಠ ಅಲ್ಲ, ತನ್ನ ಅಜ್ಜಿ ತಾತನ ಬಗ್ಗೆ ಆಡಿದ ಮಾತು. ಅಂಥ ಓದುಗನ ಹತ್ತಿರ ಮೊದಲೇ, ಒಬ್ಬನೇ ಇದ್ದಾಗ ಮಾತಾಡಿ. ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿ.

ಗುಂಪಿನಲ್ಲಿ ಓದಿಸುವವರು ಮಾಡುವ ದೊಡ್ಡ ತಪ್ಪು ಒಂದಿದೆ. ಆ ಸಮುದಾಯದ ಒಂದೇ ಒಂದು ಮಗು ತರಗತಿಯಲ್ಲಿರುತ್ತದೆ. ಎಲ್ಲರ ಕಣ್ಣೂ ಆ ಕಡೆ ತಿರುಗುತ್ತದೆ. "ನಿನಗೇನು ಅನ್ನಿಸುತ್ತೆ?" ಎಂದು ಮೇಷ್ಟ್ರೇ ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದ ಕೇಳಿದರೂ ಅದು ಹಿಂಸೆ. ಆ ಮಗುವನ್ನು ಅಂಥ ಸಾಲು ಗಟ್ಟಿಯಾಗಿ ಓದಲು ಎಬ್ಬಿಸಬೇಡಿ, ತನ್ನ ಜನರ ಪರವಾಗಿ ಮಾತಾಡು ಎಂದೂ ಹೇಳಬೇಡಿ.

ಹಂತ 5: ಕವಿತೆ ಆರಿಸಿ, ಕವಿಯನ್ನಲ್ಲ

ಸಮಗ್ರ ಸಂಪುಟವನ್ನು ಉಡುಗೊರೆ ಕೊಡಬೇಡಿ. ಅದು "ಈ ಮನುಷ್ಯ ದೊಡ್ಡವನು, ಪೂರ್ತಿ ಓದು" ಎಂದು ಹೇಳುತ್ತದೆ. ಮೂರು ಕವಿತೆ ಆರಿಸಿ.

ಪೌಂಡ್ ಆದರೆ ನಾನು ಕೊಡುವುದು ಎರಡು ಸಾಲಿನ ಮೆಟ್ರೋ ನಿಲ್ದಾಣದ ಕವಿತೆ, 1913ರದ್ದು. ಗುಂಪಿನಲ್ಲಿ ಕಾಣುವ ಮುಖಗಳು, ಒದ್ದೆ ಕಪ್ಪು ಕೊಂಬೆಯ ಮೇಲಿನ ಎಸಳುಗಳು. ಅಷ್ಟೇ ಕವಿತೆ. ಕವಿತೆ ಎಷ್ಟು ಕಡಿಮೆ ಮಾತಲ್ಲಿ ಆಗಬಹುದು ಎಂದು ತಿಳಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಜೊತೆಗೆ 1915ರಲ್ಲಿ ಚೀನಾದ ಲಿ ಬಾಯ್ ಕವಿತೆಯಿಂದ ಅವನು ಮಾಡಿಕೊಂಡ, ದೂರ ಹೋದ ಗಂಡನಿಗೆ ಎಳೆಯ ಹೆಂಡತಿ ಬರೆಯುವ ಪತ್ರ.

ನೆರೂಡ ಆದರೆ ಈರುಳ್ಳಿ, ಉಪ್ಪು, ಕಾಲುಚೀಲದಂಥ ದಿನನಿತ್ಯದ ವಸ್ತುಗಳ ಮೇಲೆ 1950ರ ದಶಕದಲ್ಲಿ ಬರೆದವು. ಕಿಪ್ಲಿಂಗ್ ಆದರೆ, 'ಇಫ್' ಕೊಟ್ಟರೂ ಅದೊಂದನ್ನೇ ಕೊಡಬೇಡಿ. ಅವನು ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ ಬರೆದ ಪುಟ್ಟ ಸಮಾಧಿ ಬರಹಗಳನ್ನು ಸೇರಿಸಿ. ಅವುಗಳಲ್ಲಿ ಎರಡು ಸಾಲಿನದು ಒಂದಿದೆ. ನಾವು ಯಾಕೆ ಸತ್ತೆವು ಎಂದು ಯಾರಾದರೂ ಕೇಳಿದರೆ, ನಮ್ಮ ಅಪ್ಪಂದಿರು ಸುಳ್ಳು ಹೇಳಿದ್ದಕ್ಕೆ ಎಂದು ಹೇಳಿ, ಅನ್ನುವ ಅರ್ಥದ್ದು. ಕಿಪ್ಲಿಂಗ್‌ನ ಮಗ ಜಾನ್‌ಗೆ ಕಣ್ಣು ಮಂದ ಎಂದು ಸೇನೆ ಬೇಡ ಅಂದಿತ್ತು. ಅಪ್ಪ ತನ್ನ ಪ್ರಭಾವ ಬಳಸಿ ಸೇರಿಸಿದ. 1915ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಲೂಸ್ ಕದನದಲ್ಲಿ ಮಗ ಸತ್ತ, ಹದಿನೆಂಟು ತುಂಬಿ ಆರು ವಾರವೂ ಆಗಿರಲಿಲ್ಲ. ಮಗನಿಗೆ ಗಂಡಸುತನ ಕಲಿಸುವ 'ಇಫ್' ಮತ್ತು ಈ ಎರಡು ಸಾಲು, ಎರಡನ್ನೂ ಎದುರುಬದುರು ಇಟ್ಟು ಓದಿಸಿ. ನೀವು ಜಾಸ್ತಿ ಮಾತಾಡುವ ಅಗತ್ಯವೇ ಬರುವುದಿಲ್ಲ.

ಹಂತ 6: ಯಾವಾಗ ಹೇಳಬೇಕು, ಏನು ಹೇಳಬೇಕು

ಕವಿತೆಗೆ ಮೊದಲೇ ಹೇಳಿದರೆ ಕವಿತೆ ಕಿವಿಗೆ ಬೀಳುವುದಿಲ್ಲ. ಓದುಗ ತಪ್ಪು ಹುಡುಕುತ್ತಾ ಕೂರುತ್ತಾನೆ. ಬಹಳ ತಡವಾದರೆ ಮೋಸವಾಗುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಹದಿನಾರರ ಒಬ್ಬ ಹುಡುಗಿಗೆ ಆ ಚೀನೀ ಹೆಂಡತಿಯ ಪತ್ರದ ಕವಿತೆ ಕೊಟ್ಟಿದ್ದೆ. ಪೌಂಡ್ ಬಗ್ಗೆ ಏನೂ ಹೇಳಿರಲಿಲ್ಲ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಅವಳು ಕವಿತೆಯನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಎರಡು ತಿಂಗಳಾದ ಮೇಲೆ ಅವಳಿಗೇ ಎಲ್ಲೋ ಗೊತ್ತಾಯಿತು. ಬಂದು ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಗೊತ್ತಿತ್ತಾ?" ಪೌಂಡ್ ಮೇಲೆ ಅವಳಿಗೆ ಅಷ್ಟು ಸಿಟ್ಟಿರಲಿಲ್ಲ. ಇದ್ದದ್ದು ನನ್ನ ಮೇಲೆ, ಮತ್ತು ಅದು ಸರಿಯಾದ ಸಿಟ್ಟು.

ಈಗ ನಾನು ಅನುಸರಿಸುವ ಕ್ರಮ ಇದು. ಮೊದಲ ಕವಿತೆಯನ್ನು ಕವಿಯ ಹೆಸರಷ್ಟೇ ಹೇಳಿ ಓದುತ್ತೇನೆ. ಸ್ವಲ್ಪ ಹೊತ್ತು ಸುಮ್ನೆ ಇರುತ್ತೇನೆ. ಓದುಗ ಏನಾದರೂ ಹೇಳಲಿ. ಎರಡನೇ ಕವಿತೆಗೆ ಹೋಗುವ ಮೊದಲು, ಅದೇ ಕೂತಲ್ಲಿ, ವಿಷಯ ಹೇಳುತ್ತೇನೆ. ಮರುದಿನಕ್ಕೆ ಬಿಡುವುದಿಲ್ಲ.

ಹೇಳುವ ಮಾತು ಹೀಗಿರಬಹುದು: "ಈ ಕವಿತೆ ಬರೆದವನು ಮುಂದೆ ಫ್ಯಾಸಿಸ್ಟರ ಪರ ನಿಂತ. ಯಹೂದಿಗಳನ್ನು ಕೊಲ್ಲುತ್ತಿದ್ದ ಕಾಲದಲ್ಲಿ ಅವರ ವಿರುದ್ಧ ರೇಡಿಯೋದಲ್ಲಿ ಮಾತಾಡಿದ. ನನಗೆ ಈ ಕವಿತೆ ತುಂಬಾ ಇಷ್ಟ, ಅವನು ಮಾಡಿದ್ದು ತುಂಬಾ ಕೆಟ್ಟದ್ದು ಎಂದೂ ಅನ್ನಿಸುತ್ತದೆ. ಮುಂದೆ ಓದಬೇಕಾ ಬೇಡವಾ ನೀನೇ ಹೇಳು."

ಮಾಡಿದ್ದನ್ನು ಕ್ರಿಯಾಪದದಲ್ಲಿ ಹೇಳಿ. ಮಾತಾಡಿದ, ಹೊಗಳಿದ, ಬರೆದ. "ಸ್ವಲ್ಪ ವಿವಾದಾತ್ಮಕ ವ್ಯಕ್ತಿ", "ಆ ಕಾಲದ ಮಿತಿಗಳು" ಇವೆಲ್ಲ ಬೇಡ. ಆ ಕಾಲದಲ್ಲೇ ಬೇರೆ ರೀತಿ ಯೋಚಿಸಿದವರೂ ಇದ್ದರು. ನಿಮಗೆ ಯಾಕೆ ಇಷ್ಟ ಅನ್ನುವುದನ್ನೂ ಮರೆಯದೆ ಹೇಳಿ. ಅದನ್ನು ಮುಚ್ಚಿಟ್ಟು ಬರೀ ಎಚ್ಚರಿಕೆ ಕೊಟ್ಟರೆ ಅದೂ ಅರ್ಧ ಸತ್ಯವೇ.

ಹಂತ 7: ಪಕ್ಕದಲ್ಲಿ ಇನ್ನೊಂದು ದನಿ ಇಡಿ

ವಿವರಣೆಗಿಂತ ಇನ್ನೊಂದು ಕವಿತೆ ಚೆನ್ನಾಗಿ ಉತ್ತರ ಕೊಡುತ್ತದೆ.

ಎಲಿಯಟ್‌ಗೆ ಎದುರಾಗಿ ಇಮ್ಯಾನುಯೆಲ್ ಲಿಟ್ವಿನಾಫ್ ಇದ್ದಾನೆ. ಲಂಡನ್ನಿನ ಯಹೂದಿ ಕವಿ, ಎಲಿಯಟ್‌ನನ್ನು ಮೆಚ್ಚಿಕೊಂಡಿದ್ದವನು. ಲಕ್ಷಾಂತರ ಯಹೂದಿಗಳ ಕೊಲೆಯಾದ ಮೇಲೂ ಎಲಿಯಟ್ ಆ ಹಳೆಯ ಸಾಲುಗಳನ್ನು 1948ರ ಆಯ್ದ ಕವಿತೆಗಳ ಪುಸ್ತಕದಲ್ಲಿ ಮತ್ತೆ ಅಚ್ಚು ಹಾಕಿಸಿದ. ಅದು ಲಿಟ್ವಿನಾಫ್‌ಗೆ ಸಹಿಸಲಾಗಲಿಲ್ಲ. ಎಲಿಯಟ್‌ನನ್ನೇ ಉದ್ದೇಶಿಸಿ ಕವಿತೆ ಬರೆದು 1951ರಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ ಓದಿದ. ಎಲಿಯಟ್ ಅದೇ ಸಭೆಯಲ್ಲಿ ಕೂತಿದ್ದ. ಮೆಚ್ಚಿದ ಕವಿಯ ಮುಖಕ್ಕೆ ಮುಖ ಕೊಟ್ಟು ಕವಿತೆಯಲ್ಲೇ ಉತ್ತರಿಸಬಹುದು ಎಂದು ಎಳೆಯರಿಗೆ ತೋರಿಸುವ ಘಟನೆ ಇದು.

ಪೌಂಡ್ ಪಕ್ಕಕ್ಕೆ ಜರ್ಮನ್ ಭಾಷೆಯ ಯಹೂದಿ ಕವಿ ಪಾಲ್ ಸೆಲಾನ್ ಇರಲಿ. ಅವನ ಅಪ್ಪ ಅಮ್ಮ ನಾಜಿಗಳ ಕಾಲದ ಶಿಬಿರದಲ್ಲಿ ಸತ್ತರು, ಅವನು ಬದುಕಿ ಉಳಿದು ಬರೆದ. ನೆರೂಡನ ಸ್ಟಾಲಿನ್ ಕವಿತೆಯ ಪಕ್ಕಕ್ಕೆ ಅಖ್ಮಾತೋವಾಳ 'ರೆಕ್ವಿಯಂ'. ಮಗ ಒಳಗಿದ್ದಾಗ ಲೆನಿನ್‌ಗ್ರಾಡ್ ಜೈಲಿನ ಹೊರಗೆ 17 ತಿಂಗಳು ಸಾಲಿನಲ್ಲಿ ನಿಂತ ತಾಯಿಯ ಕಾವ್ಯ.

2018ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಸಂಘದ ಗೋಡೆಯ ಮೇಲೆ ಬರೆಸಿದ್ದ 'ಇಫ್' ಕವಿತೆಯ ಮೇಲೆ ಬಣ್ಣ ಬಳಿದು, ಅಮೆರಿಕದ ಕಪ್ಪು ಜನಾಂಗದ ಕವಯಿತ್ರಿ ಮಾಯಾ ಏಂಜೆಲೋ ಕವಿತೆ ಬರೆದರು. ಗೋಡೆಯ ವಿಷಯದಲ್ಲಿ ಅವರ ನಿರ್ಧಾರ ನನಗೆ ಅರ್ಥವಾಗುತ್ತದೆ. ಗೋಡೆ ಎಲ್ಲರದು, ಅದರ ಮೇಲೆ ಬರೆಯುವುದು ಗೌರವ ಕೊಟ್ಟ ಹಾಗೆ. ಪುಸ್ತಕದಲ್ಲಿ ಹಾಗಲ್ಲ, ಅಲ್ಲಿ ಎರಡಕ್ಕೂ ಜಾಗ ಇದೆ.

ಹಂತ 8: ಮಾತಾಡಿ, ಉತ್ತರ ಬಾಯಿಗೆ ತುರುಕಬೇಡಿ

ಈ ವಿಷಯದಲ್ಲಿ ಸಿದ್ಧ ಉತ್ತರಗಳು ಎರಡು. "ಕಲೆ ಬೇರೆ, ಕಲಾವಿದ ಬೇರೆ" ಒಂದು. "ಕೆಟ್ಟವನು ಬರೆದದ್ದೆಲ್ಲ ಕೆಟ್ಟದ್ದು" ಇನ್ನೊಂದು. ಎಳೆಯರು ಇವೆರಡರಲ್ಲಿ ಒಂದನ್ನು ಹಿಡಿದುಕೊಂಡು ಹಗುರಾಗಲು ನೋಡುತ್ತಾರೆ, ನಮ್ಮ ಹಾಗೆಯೇ. ಅವಸರ ಮಾಡಬೇಡಿ.

ಇಂಗ್ಲಿಷ್ ಕವಿ ಆಡೆನ್‌ನ ಉದಾಹರಣೆ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. 1939ರಲ್ಲಿ ಐರ್ಲೆಂಡಿನ ಕವಿ ಯೇಟ್ಸ್ ಸತ್ತಾಗ ಆಡೆನ್ ಬರೆದ ಕವಿತೆಯಲ್ಲಿ, ಚೆನ್ನಾಗಿ ಬರೆದ ಕಾರಣಕ್ಕೆ ಕಾಲ ಕಿಪ್ಲಿಂಗ್‌ನನ್ನೂ ಅವನ ಅಭಿಪ್ರಾಯಗಳನ್ನೂ ಕ್ಷಮಿಸಿತು ಅನ್ನುವ ಪದ್ಯಗಳಿದ್ದವು. ಮುಂದೆ ಆಡೆನ್ ಆ ಪದ್ಯಗಳನ್ನೇ ತನ್ನ ಸಂಗ್ರಹದಿಂದ ತೆಗೆದುಹಾಕಿದ. ಎರಡೂ ರೂಪ ತೋರಿಸಿ ಕೇಳಿ: ಯಾಕೆ ತೆಗೆದಿರಬಹುದು? ನೀನಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆಯಾ?

ಹದಿನಾರು ದಾಟಿದವರಿಗೆ ಇನ್ನೊಂದು ಚಟುವಟಿಕೆ. 1949ರಲ್ಲಿ, ಪೌಂಡ್ ಆಸ್ಪತ್ರೆಯಲ್ಲಿ ಬಂದಿಯಾಗಿದ್ದಾಗಲೇ, ಪೀಸಾದಲ್ಲಿ ಬರೆದ ಕವಿತೆಗಳಿಗೆ ಬಾಲಿಂಜನ್ ಎಂಬ ಕಾವ್ಯ ಪ್ರಶಸ್ತಿ ಬಂತು. ತೀರ್ಪುಗಾರರಲ್ಲಿ ಎಲಿಯಟ್, ಆಡೆನ್ ಇದ್ದರು. ಕವಿತೆಯ ಗುಣ ಬಿಟ್ಟು ಬೇರೆ ಲೆಕ್ಕ ಹಾಕಿದರೆ ಪ್ರಶಸ್ತಿಗೇ ಅರ್ಥವಿಲ್ಲ ಎಂದು ಸಮಿತಿ ಹೇಳಿತು. ಅದೇ ಸಮಿತಿಯಲ್ಲಿದ್ದ ಯಹೂದಿ ಕವಿ ಕಾರ್ಲ್ ಶಪೀರೊ ವಿರುದ್ಧ ಮತ ಹಾಕಿದ. ಗಲಾಟೆ ಎಷ್ಟಾಯಿತೆಂದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಪ್ರಶಸ್ತಿ ಕೊಡುವುದನ್ನೇ ನಿಲ್ಲಿಸಿತು, ಅದು ಯೇಲ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಓದುಗರನ್ನು ಆ ಸಮಿತಿಯಲ್ಲಿ ಕೂರಿಸಿ. ಮತ ಹಾಕಲಿ, ಕಾರಣ ಬರೆಯಲಿ. ಒಂದು ವಾರ ಬಿಟ್ಟು ಮತ್ತೆ ಹಾಕಲಿ. ಮತ ಬದಲಾದರೆ ಯಾಕೆ ಎಂದು ಕೇಳಿ.

ನಿಮ್ಮ ಅಭಿಪ್ರಾಯ ಕೇಳಿದರೆ ತಪ್ಪಿಸಿಕೊಳ್ಳಬೇಡಿ, ಹೇಳಿ. ಆದರೆ ಕೊನೆಯಲ್ಲಿ ಹೇಳಿ.

ಯಾವಾಗ ಕೊಡಲೇಬಾರದು

ಕವಿ ಬದುಕಿದ್ದು, ಈಗಲೂ ದ್ವೇಷ ಹರಡುತ್ತಿದ್ದು, ನೀವು ಕೊಳ್ಳುವ ಪುಸ್ತಕದ ಹಣವೂ ಹೆಸರೂ ಅದಕ್ಕೆ ಬಲ ಕೊಡುತ್ತಿದ್ದರೆ ನಾನು ಕೊಡುವುದಿಲ್ಲ. ಸತ್ತವನ ಕವಿತೆ ಓದುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಓದುಗ ಆಗಲೇ ಅಂಥ ದ್ವೇಷದ ಗುಂಪಿನ ಕಡೆ ವಾಲುತ್ತಿದ್ದರೂ ಈಗ ಬೇಡ. ಅವನಿಗೆ ಕವಿತೆ ಕಾಣುವುದಿಲ್ಲ, ತನ್ನ ಮಾತಿಗೆ ಒಬ್ಬ ದೊಡ್ಡ ಸಾಕ್ಷಿ ಸಿಕ್ಕಿತು ಎಂದಷ್ಟೇ ಕಾಣುತ್ತದೆ. ನಿಮಗೆ ಕೂತು ಮಾತಾಡುವ ಸಮಯ ಇಲ್ಲದಿದ್ದರೂ ಬೇಡ. ಬೇರೆ ಕವಿಗಳು ಬೇಕಾದಷ್ಟು ಇದ್ದಾರೆ.

ಹಂತ 9: "ಬೇಡ" ಅಂದರೆ

ಕೆಲವರು ಎಲ್ಲ ಕೇಳಿ, "ಚೆನ್ನಾಗಿದೆ, ಆದರೆ ನನಗೆ ಇವನು ಬೇಡ" ಅನ್ನುತ್ತಾರೆ. ಆಗ ನಮ್ಮ ನಾಲಿಗೆ ತುದಿಗೆ "ದೊಡ್ಡವಳಾದ ಮೇಲೆ ಅರ್ಥವಾಗುತ್ತೆ" ಎಂಬ ಮಾತು ಬರುತ್ತದೆ. ಅದನ್ನು ನುಂಗಿಕೊಳ್ಳಿ. ಅವಳಿಗೆ ಅರ್ಥವಾಗಿದೆ, ಅದಕ್ಕೇ ಬೇಡ ಅಂದಳು. ಶಪೀರೊಗೂ ಕವಿತೆ ಅರ್ಥವಾಗಿತ್ತು.

ಪುಸ್ತಕವನ್ನು ವಾಪಸ್ ಕಪಾಟಿನಲ್ಲಿಡಿ, ಕೈಗೆ ಸಿಗುವ ಸಾಲಿನಲ್ಲೇ. ಒಳಗೆ ಒಂದು ಚೀಟಿ ಇಡಿ: ಕವಿತೆಗಳ ಪುಟ ಸಂಖ್ಯೆ, ಕವಿ ಏನು ಮಾಡಿದ, ಯಾವ ವರ್ಷ, ಪಕ್ಕದಲ್ಲಿ ಓದಬೇಕಾದ ಇನ್ನೊಬ್ಬರ ಹೆಸರು. ಆಮೇಲೆ ಅದರ ಮಾತು ಎತ್ತಬೇಡಿ. ಎಂದಾದರೂ ಅವಳೇ ತೆಗೆದರೆ ಚೀಟಿ ಅಲ್ಲಿರುತ್ತದೆ.